ಊರಿಗೆ ಬಂದವರ ಶನಿವಾರದ ಸಿನಿಮಾ

ವಾರವಿಡೀ ಬೆಂಗಳೂರು, ಮೈಸೂರು, ದುಬೈ ಎಂದು ಚದುರಿದ ಮನೆಮಂದಿ ಕೊಡಗಿನ ನಾಪೋಕ್ಲಿನ ಹಜಾರದಲ್ಲಿ ಒಟ್ಟಾಗಿ ಕೂರುವುದು ಒಂದು ಸಿನಿಮಾದಷ್ಟು ಹೊತ್ತು. ಆ ಹೊತ್ತು ತಾನಾಗಿ ಒದಗುವುದಿಲ್ಲ, ಅದನ್ನು ಮಾಡಿಕೊಳ್ಳಬೇಕು.

ಶುಕ್ರವಾರ ರಾತ್ರಿ ಬೆಂಗಳೂರಿನ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋದರೆ ಅರ್ಧ ಕೊಡಗು ಅಲ್ಲೇ ಕಾಣಸಿಗುತ್ತದೆ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿದ ಹುಡುಗ, ಆಸ್ಪತ್ರೆಯ ಪಾಳಿ ಮುಗಿಸಿ ನೇರವಾಗಿ ಬಂದ ನರ್ಸ್, ಪರೀಕ್ಷೆ ಮುಗಿದ ಕಾಲೇಜು ಹುಡುಗಿಯರು, ಮಗಳ ಬಾಣಂತನ ಮುಗಿಸಿ ಹೊರಟ ತಾಯಿ. ಮಡಿಕೇರಿ ಬಸ್ಸು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಹಾದಿ ಹಿಡಿದರೆ ವಿರಾಜಪೇಟೆ ಬಸ್ಸು ಹುಣಸೂರಿನಲ್ಲಿ ಕವಲೊಡೆದು ತಿತಿಮತಿ, ಗೋಣಿಕೊಪ್ಪಲಿನ ಕಡೆ ತಿರುಗುತ್ತದೆ. ನಾಪೋಕ್ಲಿಗೆ ಯಾವ ದಾರಿಯಲ್ಲಿ ಬಂದರೂ ಕೊನೆಯ ಒಂದು ಗಂಟೆ ತಿರುವು, ಏರು, ಇಳಿಜಾರುಗಳದ್ದೇ. ನಸುಕಿನಲ್ಲಿ ಬಸ್ಸಿಳಿಯುವಾಗ ಅಪ್ಪ ಜೀಪು ತಂದು ಕಾಯುತ್ತಿರುತ್ತಾರೆ. ಆನೆ ಓಡಾಡುವ ತೋಟದ ದಾರಿಯಲ್ಲಿ ಆ ಹೊತ್ತಿಗೆ ನಡೆದು ಬಾ ಎಂದು ಮಕ್ಕಳಿಗೆ ಯಾರು ತಾನೇ ಹೇಳಿಯಾರು?

ಹೀಗೆ ಬಂದವರಿಗೆ ಸಿಗುವುದು ಎರಡು ಹಗಲು ಮತ್ತು ನಡುವಿನ ಒಂದು ರಾತ್ರಿ. ಮೊದಲ ಹಗಲು ನಿದ್ದೆಗೆ, ಬ್ಯಾಂಕು, ರೇಷನ್ ಕಾರ್ಡು, ಪಂಪ್‌ಸೆಟ್ಟಿನ ರಿಪೇರಿಗೆ ಹೋಗುತ್ತದೆ. ಎರಡನೆಯದು ನೆಂಟರ ಮನೆಯ ಮದುವೆಗೋ ತಿಥಿಗೋ ಹೋಗಿ, ಸಂಜೆಗೆ ಮತ್ತೆ ಬಸ್ಸು. ಉಳಿಯುವುದು ಶನಿವಾರದ ರಾತ್ರಿ. ಆ ರಾತ್ರಿ ಟಿ.ವಿ. ಮುಂದೆ ಎಲ್ಲರೂ ಕೂತು ಒಂದು ಸಿನಿಮಾ ನೋಡುವುದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಪದ್ಧತಿಯೇ ಆಗಿದೆ.

ಇದನ್ನು ಕಾಲಹರಣ ಎನ್ನುವ ಹಿರಿಯರಿದ್ದಾರೆ. ಅಷ್ಟು ದೂರದಿಂದ ಬಂದವರು ಮಾತನಾಡುವುದು ಬಿಟ್ಟು ಟಿ.ವಿ. ನೋಡುತ್ತಾರಲ್ಲ ಎಂಬ ಬೇಸರವೂ ಉಂಟು. ನನಗೆ ಹಾಗನ್ನಿಸುವುದಿಲ್ಲ. ದುಡಿಮೆಗಾಗಿ ಚದುರಿದ ಕುಟುಂಬವೊಂದು ಒಂದೇ ನಗು, ಒಂದೇ ಆತಂಕ, ಒಂದೇ ಕಥೆಯನ್ನು ಒಟ್ಟಿಗೆ ಅನುಭವಿಸಲು ಉಳಿದಿರುವ ದಾರಿಗಳಲ್ಲಿ ಇದು ಎಲ್ಲ ವಯಸ್ಸಿನವರಿಗೂ ಒಗ್ಗುವಂಥದ್ದು. ಹಬ್ಬಕ್ಕೆ ನಾವು ಮಾಡುವ ತಯಾರಿಯಲ್ಲಿ ಒಂದು ಪಾಲನ್ನಾದರೂ ಇದಕ್ಕೂ ಮಾಡಬೇಕು.

ಮನೆ ಬಿಟ್ಟು ಹೋಗುವ ನಾಡು

ಕೊಡಗಿನಲ್ಲಿ ದುಡಿಮೆಗಾಗಿ ದೂರ ಹೋಗುವುದು ಐ.ಟಿ. ಕಂಪನಿಗಳ ಜೊತೆ ಶುರುವಾದದ್ದಲ್ಲ. ಸೇನೆ ಇಲ್ಲಿನ ಮನೆಗಳಿಂದ ಗಂಡುಮಕ್ಕಳನ್ನು ತಲೆಮಾರುಗಳಿಂದ ಕರೆದೊಯ್ದಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಎಂಬ ಎರಡು ಹೆಸರು ನಾಡಿಗೆಲ್ಲ ಗೊತ್ತು. ತಿಮ್ಮಯ್ಯನವರು ಕೊರಿಯಾ ಯುದ್ಧಕೈದಿಗಳನ್ನು ಹಿಂದಿರುಗಿಸುವ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷರಾಗಿ ದುಡಿದವರು. 1965ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದರು. ಮಡಿಕೇರಿಯಲ್ಲಿ ಅವರು ಬೆಳೆದ ಮನೆ ‘ಸನ್ನಿಸೈಡ್’ ಈಗ ವಸ್ತುಸಂಗ್ರಹಾಲಯ. ಹೆಸರು ಉಳಿಯದ ಸಾವಿರಾರು ಜವಾನರು, ಹವಾಲ್ದಾರರು, ಸುಬೇದಾರರ ಮನೆಗಳಲ್ಲಿ ಕಾಯುವುದೇ ಬದುಕಾಗಿತ್ತು. ರಜೆಗೆ ಬಂದ ಸೈನಿಕ ಟ್ರಂಕಿನಲ್ಲಿ ಮಿಲಿಟರಿ ಕ್ಯಾಂಟೀನಿನ ಸಾಮಾನು ತರುತ್ತಿದ್ದ. ರೇಡಿಯೊ ಬಂದದ್ದು ಹಾಗೆ, ಎಷ್ಟೋ ಕಡೆ ಮೊದಲ ಟಿ.ವಿ. ಬಂದದ್ದೂ ಹಾಗೆಯೇ.

ನಾಪೋಕ್ಲಿನ ಸುತ್ತಮುತ್ತ ಇನ್ನೊಂದು ದಾರಿಯೂ ತೆರೆದುಕೊಂಡಿತು. ಎಮ್ಮೆಮಾಡು, ಕೊಟ್ಟಮುಡಿಯ ಕಡೆಯ ಮುಸ್ಲಿಂ ಮನೆಗಳಿಂದ ಗಂಡಸರು ಕೊಲ್ಲಿ ದೇಶಗಳಿಗೆ ಹೋದರು. ಭಾಗಮಂಡಲದ ಬದಿಯ ಗೌಡ ಮನೆಗಳ ಮಕ್ಕಳು ಮಂಗಳೂರು, ಮೈಸೂರಿನ ಕಾಲೇಜು ಸೇರಿ ಅಲ್ಲೇ ಕೆಲಸ ಹಿಡಿದರು. ಮನೆ ಯಾವುದಾದರೂ ಆಗಲಿ, ತೋಟ ನೋಡಿಕೊಳ್ಳಲು ಒಬ್ಬರು ಉಳಿದು ಮಿಕ್ಕವರು ಹೊರಗೆ ಹೋಗುವುದು ಸಾಮಾನ್ಯವಾಯಿತು. ಕಾಫಿ ಬೆಲೆ ಒಂದು ವರ್ಷ ಏರಿ ಮೂರು ವರ್ಷ ಕುಸಿಯುವುದನ್ನು ಕಂಡ ಮನೆಗಳಿಗೆ ತಿಂಗಳ ಸಂಬಳ ಬೇಕೇ ಬೇಕು.

ಹೊರಗಿನಿಂದ ಬರುವ ದಾರಿಯೂ ಸಲೀಸಲ್ಲ. ಕೊಡಗು ಜಿಲ್ಲೆಯಲ್ಲಿ ರೈಲು ಇಲ್ಲ. ರೈಲು ಬೇಕೆಂದರೆ ಮೈಸೂರಿಗೋ ಕರಾವಳಿಗೋ ಇಳಿಯಬೇಕು. ವಿಮಾನಕ್ಕೆ ಮೊದಲು ಬೆಂಗಳೂರು, ಮಂಗಳೂರೇ ಗತಿಯಾಗಿತ್ತು. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ಗಲ್ಫಿನವರು ಮಾಕುಟ್ಟ ಘಾಟಿ ಹತ್ತಿ ಅರ್ಧ ದಿನದೊಳಗೆ ಮನೆ ಸೇರುವಂತಾಯಿತು. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಅಗಲವಾದ ಮೇಲೆ ಕಾರು ಇರುವವರು ಶುಕ್ರವಾರ ಸಂಜೆ ಹೊರಟು ನಡುರಾತ್ರಿಗೆ ತಲುಪುವುದುಂಟು. ದಾರಿ ಸುಧಾರಿಸಿದಂತೆ ಬರುವುದು ಹೆಚ್ಚಾಗಿದೆ. ಬಂದಾಗ ಉಳಿಯುವ ಹೊತ್ತು ಮಾತ್ರ ಹೆಚ್ಚಿಲ್ಲ.

ದೂರ ದೂರದ ಮನೆಗಳು

ನಾಪೋಕ್ಲಿಗೆ ಮೊದಲ ಸಲ ಬಂದವರು ಊರು ಎಲ್ಲಿ ಎಂದು ಕೇಳುವುದುಂಟು. ಪೇಟೆ ಕಾಣುತ್ತದೆ, ಬಸ್ ನಿಲ್ದಾಣ, ಅಂಗಡಿಸಾಲು ಕಾಣುತ್ತದೆ, ಮನೆಗಳು ಕಾಣುವುದಿಲ್ಲ. ಬೇತು, ಕೊಳಕೇರಿ, ಬಲ್ಲಮಾವಟಿ, ನೆಲಜಿ, ಕಕ್ಕಬ್ಬೆ ಎಂದು ಹರಡಿದ ಗ್ರಾಮಗಳಲ್ಲಿ ಒಂದೊಂದು ಮನೆಯೂ ತನ್ನ ಗದ್ದೆ, ತೋಟದ ನಡುವೆ ಒಂಟಿಯಾಗಿ ನಿಂತಿದೆ. 2011ರ ಜನಗಣತಿಯಂತೆ ಕೊಡಗಿನಲ್ಲಿ ಚದರ ಕಿಲೋಮೀಟರಿಗೆ 135 ಜನ. ರಾಜ್ಯದ ಸರಾಸರಿ 319 ಇದ್ದಾಗ ಇದು ಜಿಲ್ಲೆಗಳಲ್ಲೆಲ್ಲ ಕಡಿಮೆ. ಹತ್ತಿರದ ಮನೆ ಎಂದರೆ ಒಂದು ಗುಡ್ಡದ ಆಚೆ ಇರಬಹುದು, ಒಂದು ತೋಡಿನ ಆಚೆ ಇರಬಹುದು. ಮೈಸೂರಿನ ಕೇರಿಯಲ್ಲಿ ಜಗುಲಿಗೆ ಬಂದು ನಿಂತರೆ ಸಿಗುವ ನೆರೆಯ ಸಂಗ ಇಲ್ಲಿ ನಡೆದು ಹೋದರೆ ಮಾತ್ರ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಆ ನಡಿಗೆಯನ್ನೂ ಕಡಿತಗೊಳಿಸುತ್ತದೆ.

ಹಾಗಾಗಿ ಇಲ್ಲಿ ಮನೆಯೇ ಊರು. ಒಕ್ಕದ ಮೂಲಮನೆಗಳಾದ ಹಳೆಯ ಐನ್‌ಮನೆಗಳನ್ನು ಕಟ್ಟಿದವರಿಗೆ ಇದು ಗೊತ್ತಿತ್ತು. ಬಂದವರು ಕೂರಲು ಹೊರಗೆ ಕಯ್ಯಾಲೆ, ಕಂಬಗಳ ನಡುವೆ ದಪ್ಪ ಹಲಗೆಯ ಐಮರ. ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ ಹಿರಿಯರಿಗೆ ಮೀಸಲಾದ ತೂಗುದೀಪ. ಆ ದೀಪ ಹಚ್ಚುವ ಹೊತ್ತಿಗೆ ಒಕ್ಕದ, ಎಂದರೆ ಒಂದೇ ಮನೆತನದ ಮಂದಿ ಅಲ್ಲಿ ಸೇರಬೇಕು. ಈಗ ಐನ್‌ಮನೆಗಳಲ್ಲಿ ವರ್ಷವಿಡೀ ಇರುವವರು ಕಡಿಮೆ; ಹಬ್ಬಕ್ಕೆ, ಗತಿಸಿದ ಹಿರಿಯರಾದ ಕಾರಣರಿಗೆ ಕೊಡುವ ದಿನಕ್ಕೆ ಬೀಗ ತೆಗೆಯುವ ಮನೆಗಳೂ ಇವೆ. ಅವುಗಳ ಸುತ್ತ ಕಟ್ಟಿಕೊಂಡ ಹೊಸ ಮನೆಗಳಲ್ಲಿ ನಾಲ್ಕು ಕೋಣೆ, ನಾಲ್ಕು ಬಾಗಿಲು, ನಾಲ್ಕು ಫೋನು. ಎಲ್ಲರೂ ಒಂದು ಕಡೆ ಸೇರಲು ಒಂದು ನೆಪ ಬೇಕಾಗಿದೆ.

ದೊಡ್ಡ ನೆಪಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೋಳ್ದ್, ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ, ಚಳಿ ಶುರುವಾಗುವಾಗ ಪುತ್ತರಿ. ಬೇಸಿಗೆಯಲ್ಲಿ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರುಮಾಡಿದ ಕೌಟುಂಬಿಕ ಹಾಕಿ ಪಂದ್ಯಾವಳಿ, 2024ರಲ್ಲಿ ಕುಂಡ್ಯೋಳಂಡ ಕಪ್ ಆಗಿ ನಾಪೋಕ್ಲಿಗೆ ಬಂದಾಗ 360 ತಂಡಗಳು ಆಡಿ ಗಿನ್ನೆಸ್ ದಾಖಲೆ ಸೇರಿತು. ಅಜ್ಜನಿಂದ ಮೊಮ್ಮಗಳವರೆಗೆ ಒಂದೇ ಜೆರ್ಸಿ ತೊಟ್ಟು ಮೈದಾನಕ್ಕಿಳಿಯುವ ಆ ದಿನಗಳ ಸಂತೋಷಕ್ಕೆ ಸಮನಾದದ್ದು ಇಲ್ಲ. ಆದರೂ ಅವು ವರ್ಷಕ್ಕೊಮ್ಮೆ. ನಡುವೆ ಬರುವ ಐವತ್ತು ವಾರಾಂತ್ಯಗಳಿಗೆ ಮನೆಯೊಳಗೇ ಏನಾದರೂ ಬೇಕು.

ಮಳೆಗೆ ಆರಿಹೋಗುವ ಪರದೆ

ಸಿನಿಮಾ ಎಂದರೆ ಮೊದಲು ಮಡಿಕೇರಿ. ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ದಾರಿ ಹೇಳಲು ಸಣ್ಣದು. ಆಟ ಮುಗಿದ ಮೇಲೆ ವಾಪಸು ಬರುವುದೇ ದೊಡ್ಡ ಸಮಸ್ಯೆಯಾಗಿತ್ತು. ಕೊನೆಯ ಬಸ್ಸು ತಪ್ಪಿದರೆ ನೆಂಟರ ಮನೆಯೇ ಗತಿ. ಮಳೆಗಾಲದಲ್ಲಿ ಮಂಜು, ಮುರಿದ ಮರ, ತುಂಬಿದ ಹೊಳೆ. ಹೀಗಾಗಿ ಪೂರ್ತಿ ಕುಟುಂಬ ಥಿಯೇಟರಿಗೆ ಹೋಗುವುದು ಅಪರೂಪದ ಸಂಗತಿಯಾಗಿತ್ತು. ಸಿನಿಮಾವೇ ಮನೆಗೆ ಬರಬೇಕಾಯಿತು.

ಎಂಬತ್ತರ ದಶಕದಲ್ಲಿ ಅದು ಎರಡು ರೂಪದಲ್ಲಿ ಬಂತು. ಒಂದು, ಬಾಡಿಗೆಗೆ ಸಿಗುತ್ತಿದ್ದ ಕಲರ್ ಟಿ.ವಿ. ಮತ್ತು ವಿ.ಸಿ.ಪಿ. ಮದುವೆಯ ಮರುದಿನವೋ ಮಗ ರಜೆಗೆ ಬಂದಾಗಲೋ ಪೇಟೆಯಿಂದ ಜೀಪಿನಲ್ಲಿ ತಂದು ಒಂದೇ ರಾತ್ರಿಗೆ ಮೂರು ಕ್ಯಾಸೆಟ್ ನೋಡಿ ಮುಗಿಸುವುದು. ಇನ್ನೊಂದು ದೂರದರ್ಶನ. ಉದ್ದನೆಯ ಗಳಕ್ಕೆ ಆಂಟೆನಾ ಕಟ್ಟಿ ಮರದೆತ್ತರಕ್ಕೆ ಏರಿಸಿ, ಒಬ್ಬರು ಮೇಲೆ ತಿರುಗಿಸುತ್ತ ಇನ್ನೊಬ್ಬರು ಕಿಟಕಿಯಿಂದ ‘ಬಂತು, ಹೋಯ್ತು’ ಎಂದು ಕೂಗುತ್ತಿದ್ದ ಕಾಲ ಅದು. 1987ರಲ್ಲಿ ‘ರಾಮಾಯಣ’, ಮರುವರ್ಷ ‘ಮಹಾಭಾರತ’ ಭಾನುವಾರ ಬೆಳಿಗ್ಗೆ ಬರತೊಡಗಿದಾಗ ಟಿ.ವಿ. ಇದ್ದ ಮನೆಯ ಹಜಾರದಲ್ಲಿ ಗುಡ್ಡದಾಚೆಯವರೂ ತೋಟದ ಕೆಲಸದವರೂ ಒಟ್ಟಿಗೆ ಕೂತರು. ಒಂಟಿ ಮನೆಗಳ ನಾಡಿಗೆ ಅದೊಂದು ಹೊಸ ಬಗೆಯ ಕೂಟ.

ಆಮೇಲೆ ಡಿಶ್. 2004ರ ಕೊನೆಗೆ ದೂರದರ್ಶನ ತಿಂಗಳ ಬಾಡಿಗೆಯಿಲ್ಲದ ಡಿ.ಟಿ.ಎಚ್. ಸೇವೆ ಶುರುಮಾಡಿತು, ಖಾಸಗಿ ಕಂಪನಿಗಳೂ ಬಂದವು. ಕೇಬಲ್ ಎಳೆಯಲಾಗದಷ್ಟು ದೂರದ ಮನೆಗಳಿಗೆ ಮಾಡಿನ ಮೇಲಿನ ಪುಟ್ಟ ತಟ್ಟೆ ವರವಾಯಿತು. ಆ ವರಕ್ಕೆ ಒಂದು ಷರತ್ತಿತ್ತು. ಮಳೆ ಜೋರಾದರೆ ಚಿತ್ರ ಚೌಕಚೌಕವಾಗಿ ಒಡೆದು ಪರದೆ ಕಪ್ಪಾಗುತ್ತದೆ. ಇದು ತಟ್ಟೆ ಕೂರಿಸಿದವರ ತಪ್ಪಲ್ಲ. ಈ ಸೇವೆಗಳು ಬಳಸುವ ಕೆಯು ಬ್ಯಾಂಡ್ ತರಂಗಗಳ ಆವರ್ತನ ಹನ್ನೆರಡು ಗಿಗಾಹರ್ಟ್ಸ್ ಆಸುಪಾಸು, ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ದಪ್ಪ ಮಳೆಹನಿಗಳು ಇಂಥ ಕಿರಿದಾದ ಅಲೆಗಳ ಶಕ್ತಿಯನ್ನು ಹೀರುತ್ತವೆ, ಚದುರಿಸುತ್ತವೆ. ಹಳೆಯ ದೊಡ್ಡ ತಟ್ಟೆಗಳು ಹಿಡಿಯುತ್ತಿದ್ದ ಸಿ ಬ್ಯಾಂಡಿನ ಅಲೆಗಳು ಅದಕ್ಕಿಂತ ಮೂರುಪಟ್ಟು ಉದ್ದವಾದ್ದರಿಂದ ಮಳೆಯನ್ನು ಸುಲಭವಾಗಿ ದಾಟುತ್ತಿದ್ದವು. ವರ್ಷಕ್ಕೆ ಸರಾಸರಿ 2700 ಮಿಲಿಮೀಟರಿನಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ, ಅದರಲ್ಲೂ ಬ್ರಹ್ಮಗಿರಿ, ತಡಿಯಂಡಮೋಳ್ ಬೆಟ್ಟಗಳ ಮಗ್ಗುಲಿನ ನಾಪೋಕ್ಲಿನಲ್ಲಿ, ಸಿನಿಮಾದ ಕೊನೆಯ ದೃಶ್ಯ ಕಾಣದೆ ಮಲಗಿದ ರಾತ್ರಿಗಳು ಎಲ್ಲ ಮನೆಗಳಲ್ಲೂ ಇವೆ. ಕೊನೆ ಏನಾಯಿತು ಎಂದು ಅಜ್ಜಿ ತನ್ನದೇ ಕಥೆ ಕಟ್ಟಿ ಹೇಳುತ್ತಿದ್ದರು; ಮಕ್ಕಳು ಅದನ್ನೇ ನಂಬುತ್ತಿದ್ದರು.

ಮಳೆ ಇನ್ನೂ ದೊಡ್ಡ ಭಯ ತಂದದ್ದೂ ಇದೆ. 2018ರ ಆಗಸ್ಟ್‌ನ ಭೂಕುಸಿತ, ಮುಂದಿನ ಎರಡು ಮಳೆಗಾಲಗಳ ಪ್ರವಾಹ ಯಾರೂ ಮರೆತಿಲ್ಲ. ಕಾವೇರಿ ಉಕ್ಕಿದರೆ ಮೂರ್ನಾಡು ರಸ್ತೆಯ ಬೊಳಿಬಾಣೆಯಲ್ಲಿ ನೀರು ನಿಲ್ಲುತ್ತದೆ, ಚೆರಿಯಪರಂಬಿನ ದಾರಿ ಮುಳುಗುತ್ತದೆ, ಊರಿಗೆ ಹೊರಟವರು ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಅಂಥ ವಾರಗಳಲ್ಲಿ ಇಲ್ಲಿರುವವರಿಗಿಂತ ದೂರದಲ್ಲಿರುವವರಿಗೇ ದಿಗಿಲು ಹೆಚ್ಚು. ಟಿ.ವಿ. ಆಗ ಸಿನಿಮಾಕ್ಕಲ್ಲ, ಸುದ್ದಿಗೆ. ನೀರು ಇಳಿದ ಮೇಲೆ ಬಂದ ಮೊದಲ ಶನಿವಾರ ಮನೆಯವರೆಲ್ಲ ಒಟ್ಟಿಗೆ ಕೂತು ಒಂದು ಹಳೆಯ ನಗೆಚಿತ್ರ ನೋಡಿದರೆ ಆ ನಗುವಿನಲ್ಲಿ ಎಷ್ಟು ನೆಮ್ಮದಿ ಇರುತ್ತದೆ ಎಂಬುದು ಆ ವಾರವನ್ನು ಕಳೆದವರಿಗೇ ಗೊತ್ತು.

ಚಿತ್ರವನ್ನು ಹೊತ್ತು ತರುವವರು

ಈಗ ಸಿನಿಮಾ ಬರುವುದು ಆಕಾಶದಿಂದಲ್ಲ, ಪ್ರಯಾಣಿಕರ ಜೇಬಿನಲ್ಲಿ. ಮನೆಯಲ್ಲಿ ನೆಟ್‌ವರ್ಕ್ ಎಷ್ಟು ಸಿಗುತ್ತದೆಂದು ಗೊತ್ತಿರುವ ಮಗಳು ಗುರುವಾರವೇ ಬೆಂಗಳೂರಿನ ಕೋಣೆಯ ವೈಫೈಯಲ್ಲಿ ಎರಡು ಚಿತ್ರ ಡೌನ್‌ಲೋಡ್ ಮಾಡಿಕೊಂಡಿರುತ್ತಾಳೆ. ಅಜ್ಜಿಗೆ ಒಂದು, ತಮ್ಮನಿಗೆ ಒಂದು. ಚೀಲದಲ್ಲಿ ಅಪ್ಪನ ಮಾತ್ರೆ, ಅವ್ವನಿಗೆ ತಂದ ಸ್ವೆಟರಿನ ಜೊತೆ ಟಿ.ವಿ.ಗೆ ಜೋಡಿಸುವ ಒಂದು ಕೇಬಲ್ಲೂ ಇರುತ್ತದೆ. ಆ್ಯಪ್‌ಗಳಲ್ಲಿ ಇಳಿಸಿಕೊಂಡ ಚಿತ್ರಕ್ಕೆ ಗಡುವು ಇದೆ. ಎಷ್ಟೋ ಕಡೆ ನೋಡಲು ಶುರುಮಾಡಿದರೆ 48 ಗಂಟೆಯೊಳಗೆ ಮುಗಿಸಬೇಕು. ವಾರಾಂತ್ಯಕ್ಕೆ ಅಳತೆ ಮಾಡಿಟ್ಟಂಥ ಗಡುವು ಅದು.

ಈ ರೂಢಿ ಗಟ್ಟಿಯಾದದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ವರ್ಷಗಳ ನಂತರ ಮಕ್ಕಳೆಲ್ಲ ತಿಂಗಳುಗಟ್ಟಲೆ ಮನೆಯಲ್ಲಿದ್ದರು. ಹಗಲು ಮನೆಯಿಂದಲೇ ಆಫೀಸಿನ ಕೆಲಸ. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆ ಹಿಡಿದು ಮೀಟಿಂಗಿನಲ್ಲಿ ಕೂತವರಿದ್ದಾರೆ. ಸೋಮವಾರಪೇಟೆ ಕಡೆಯ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಆನ್‌ಲೈನ್ ಪಾಠ ಮಾಡಲು ಮರದ ಮೇಲೆ ಅಟ್ಟಣೆಯನ್ನೇ ಕಟ್ಟಿಕೊಂಡದ್ದು ಆಗ ದೇಶಕ್ಕೆಲ್ಲ ಸುದ್ದಿಯಾಯಿತು. ಆ ಮಳೆಗಾಲದಲ್ಲೇ, 2020ರ ಜುಲೈ 17ರಂದು ‘ಲಾ’ ಚಿತ್ರ ಥಿಯೇಟರ್ ಕಾಣದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಂತು. ಹಾಗೆ ಬಂದ ಮೊದಲ ಕನ್ನಡ ಚಿತ್ರ ಅದು. ಹೊಸ ಸಿನಿಮಾವನ್ನು ಬೆಂಗಳೂರಿನವರು ನೋಡುವ ದಿನವೇ ನಾಪೋಕ್ಲಿನ ತೋಟದ ಮನೆಯಲ್ಲೂ ನೋಡಬಹುದು ಎಂಬುದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಡಿಕೇರಿಗೆ ರೀಲು ಬರುವವರೆಗೆ ವಾರಗಟ್ಟಲೆ ಕಾದ ತಲೆಮಾರಿಗೆ ಇದು ಸಣ್ಣ ಸಂಗತಿಯಲ್ಲ.

ಸಮಸ್ಯೆಯೂ ಅಲ್ಲಿಂದಲೇ ಶುರು. ಚಿತ್ರ ಫೋನಿನಲ್ಲಿದ್ದರೆ ಅದನ್ನು ಫೋನಿನಲ್ಲೇ ನೋಡುವುದು ಸುಲಭ. ತಮ್ಮ ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಸಿಗೆ ಸೇರಿದ, ಅಕ್ಕ ತನ್ನ ಸೀರಿಸ್ ಹಿಡಿದು ಕೋಣೆ ಸೇರಿದಳು, ಅಪ್ಪ ಯೂಟ್ಯೂಬಿನಲ್ಲಿ ಕಾಳುಮೆಣಸಿನ ಸೊರಗುರೋಗದ ವಿಡಿಯೊ ನೋಡುತ್ತ ಕೂತರು. ಮುನ್ನೂರು ಕಿಲೋಮೀಟರ್ ದಾಟಿ ಬಂದವರು ಒಂದೇ ಮಾಡಿನ ಕೆಳಗೆ ಮತ್ತೆ ಬೇರೆ ಬೇರೆ ಆದರು. ಟಿ.ವಿ.ಗೆ ಜೋಡಿಸುವ ಆ ಕೇಬಲ್ಲಿಗೆ ನಾನು ಇಷ್ಟು ಬೆಲೆ ಕೊಡುವುದು ಇದೇ ಕಾರಣಕ್ಕೆ. ಅದು ಚಿತ್ರವನ್ನು ಒಬ್ಬರ ಕೈಯಿಂದ ಬಿಡಿಸಿ ಎಲ್ಲರ ಮುಂದೆ ಇಡುತ್ತದೆ.

ಯಾವ ಸಿನಿಮಾ, ಯಾರಿಗೆ?

ಎಲ್ಲರಿಗೂ ಒಂದೇ ಚಿತ್ರ ಆರಿಸುವುದು ಕಷ್ಟದ ಕೆಲಸ. ನಮ್ಮ ಕಡೆಯ ಮನೆಗಳಲ್ಲಿ ಭಾಷೆಯ ಅಡ್ಡಿ ಮಾತ್ರ ಅಷ್ಟಿಲ್ಲ. ಮನೆಯೊಳಗೆ ಕೊಡವ ತಕ್ಕ್, ಅರೆಭಾಷೆ ಅಥವಾ ಮಲಯಾಳ ಆಡುವವರು ಶಾಲೆಯಲ್ಲಿ ಕನ್ನಡ ಕಲಿತಿರುತ್ತಾರೆ. ಸಂತೆಯಲ್ಲಿ ಎಲ್ಲ ಭಾಷೆಯೂ ಕಿವಿಗೆ ಬಿದ್ದಿರುತ್ತದೆ. ಮಲಯಾಳ ಸಿನಿಮಾವನ್ನು ಕೆಳಗಿನ ಬರಹದ ನೆರವಿಲ್ಲದೆ ನೋಡುವ ಅಜ್ಜಿಯರು ಇಲ್ಲಿ ಬಹಳ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದರ ವಿರುದ್ಧ ತೀರ್ಪು ಕೊಟ್ಟ ನಂತರ ತೆಲುಗು ಚಿತ್ರಗಳೂ ಕನ್ನಡದಲ್ಲಿ ಸಿಗತೊಡಗಿದವು. ವಿರಾಜಪೇಟೆಯ ಹುಡುಗಿ ರಶ್ಮಿಕಾ ಮಂದಣ್ಣ ನಟಿಸಿದ ‘ಡಿಯರ್ ಕಾಮ್ರೇಡ್’ 2019ರಲ್ಲಿ ಕನ್ನಡದಲ್ಲೂ ಬಂತು.

ಊರಿನ ಮಂದಿ ಹೆಚ್ಚು ಸಲ ನೋಡುವುದು ಊರು ಕಾಣುವ ಚಿತ್ರಗಳನ್ನು. ಪುಟ್ಟಣ್ಣ ಕಣಗಾಲರ ‘ಶರಪಂಜರ’ 1971ರಲ್ಲಿ ಕೊಡಗಿನ ಕಿತ್ತಳೆ ತೋಟವನ್ನು ತೆರೆಗೆ ತಂದಿತು. ಕೊಡಗಿನಲ್ಲಿ ಬಾಳಿದ ಭಾರತೀಸುತರ ಕಾದಂಬರಿಗಳಿಂದ ‘ಎಡಕಲ್ಲು ಗುಡ್ಡದ ಮೇಲೆ’, ‘ಹುಲಿಯ ಹಾಲಿನ ಮೇವು’ ಚಿತ್ರಗಳಾದವು, ಎರಡನೆಯದರಲ್ಲಿ ರಾಜಕುಮಾರ್. 1972ರಲ್ಲಿ ‘ನಾಡ ಮಣ್ಣ್ ನಾಡ ಕೂಳ್’ ಮೂಲಕ ಕೊಡವ ತಕ್ಕಿಗೂ ತನ್ನದೊಂದು ಸಿನಿಮಾ ಸಿಕ್ಕಿತು. ‘ಮುಂಗಾರು ಮಳೆ’, ‘ಗಾಳಿಪಟ’ ಬಂದ ಮೇಲಂತೂ ಹೊರಗಿನವರೆಲ್ಲ ಮಳೆ ನೋಡಲು ಇಲ್ಲಿಗೆ ಬರತೊಡಗಿದರು. ಮಾಂದಲ್‌ಪಟ್ಟಿ ಬೆಟ್ಟಕ್ಕೆ ಮುಗಿಲುಪೇಟೆ ಎಂಬ ಹೆಸರೇ ಅಂಟಿತು.

ಸೈನಿಕರ ಮನೆಗಳಲ್ಲಿ ‘ಮುತ್ತಿನ ಹಾರ’ಕ್ಕೆ ಬೇರೆಯೇ ಸ್ಥಾನ. ರಾಜೇಂದ್ರ ಸಿಂಗ್ ಬಾಬು 1990ರಲ್ಲಿ ಮಾಡಿದ ಈ ಚಿತ್ರದಲ್ಲಿ ವಿಷ್ಣುವರ್ಧನ್ ಕೊಡಗಿನ ಯೋಧ, ಸುಹಾಸಿನಿ ಅವನನ್ನು ವರಿಸುವ ನರ್ಸ್. ಯುದ್ಧದಿಂದ ಯುದ್ಧಕ್ಕೆ ಕರೆ ಬರುವ ಗಂಡ, ಬಾಗಿಲಲ್ಲಿ ನಿಲ್ಲುವ ಹೆಂಡತಿ. ಇದನ್ನು ನಿವೃತ್ತ ಸುಬೇದಾರರ ಮನೆಯಲ್ಲಿ ಮೂರು ತಲೆಮಾರು ಒಟ್ಟಿಗೆ ನೋಡುವಾಗ, ಅಜ್ಜ ತಾನು ಎಂದೂ ಹೇಳದ ಪೋಸ್ಟಿಂಗಿನ ಕಥೆಯನ್ನು ನಡುವೆ ತಾನಾಗಿ ಹೇಳಲು ತೊಡಗುತ್ತಾರೆ. ನೇರವಾಗಿ ಕೇಳಿದಾಗ ‘ಅದೆಲ್ಲ ಈಗೇಕೆ’ ಎಂದು ಸುಮ್ಮನಾಗುತ್ತಿದ್ದವರು ಅವರೇ. ಅಂಥ ಹೊತ್ತಿನಲ್ಲಿ ರಿಮೋಟ್ ಕೈಯಲ್ಲಿರುವವರು ಚಿತ್ರ ನಿಲ್ಲಿಸಬೇಕು. ಥಿಯೇಟರಿನಲ್ಲಿ ಇಲ್ಲದ ಈ ಸ್ವಾತಂತ್ರ್ಯವೇ ಮನೆಯಲ್ಲಿ ಸಿನಿಮಾ ನೋಡುವುದರ ದೊಡ್ಡ ಲಾಭ.

ಮಾತು ಬರುವುದು ಹೀಗೆಯೇ. ವಾರದ ಕೆಲಸದಿಂದ ಬಳಲಿ ಬಂದವರನ್ನು ‘ಆಫೀಸು ಹೇಗಿದೆ, ಸಂಬಳ ಏರಿತೇ, ಮದುವೆಗೆ ಯಾವಾಗ ಒಪ್ಪುತ್ತೀ’ ಎಂದು ಕೂರಿಸಿ ಕೇಳಿದರೆ ಉತ್ತರ ಒಂದು ಪದದಲ್ಲಿ ಮುಗಿಯುತ್ತದೆ. ಅದೇ ಮಗ ‘ದೃಶ್ಯ’ ನೋಡುವಾಗ ಮಾತಾಡುತ್ತಾನೆ. ಮಲಯಾಳದಲ್ಲಿ 2013ರಲ್ಲಿ ಬಂದ ಕಥೆ ಮರುವರ್ಷ ಕನ್ನಡಕ್ಕೆ ಬಂದಾಗ ನಾಯಕನ ಹೆಸರು ರಾಜೇಂದ್ರ ಪೊನ್ನಪ್ಪ ಎಂದಾಯಿತು. ಕೇಬಲ್ ಟಿ.ವಿ. ನಡೆಸುವ, ರಾತ್ರಿಯೆಲ್ಲ ಸಿನಿಮಾ ನೋಡಿ ನೋಡಿಯೇ ಬುದ್ಧಿ ಹರಿತ ಮಾಡಿಕೊಂಡ, ಹೆಂಡತಿ ಮಕ್ಕಳಿಗಾಗಿ ಏನನ್ನೂ ಮಾಡಬಲ್ಲ ಗೃಹಸ್ಥ. ಅವನು ಮಾಡಿದ್ದು ಸರಿಯೇ ತಪ್ಪೇ ಎಂಬ ವಾದ ನಮ್ಮ ಮನೆಗಳಲ್ಲಿ ಊಟದವರೆಗೂ ನಡೆಯುತ್ತದೆ. ಆ ವಾದದ ನಡುವೆಯೇ ಮಗ ತನ್ನ ಕಂಪನಿಯಲ್ಲಿ ನಡೆದ ಒಂದು ಅನ್ಯಾಯದ ವಿಷಯ ಎತ್ತುತ್ತಾನೆ. ಅವನ ಮನಸ್ಸಿನಲ್ಲಿ ಏನಿತ್ತು ಎಂದು ತಾಯಿಗೆ ತಿಳಿಯುವುದು ಆಗ.

ಅರ್ಧದಲ್ಲೇ ಅವನು ನಿದ್ದೆಹೋದರೆ ಎಬ್ಬಿಸಬೇಡಿ. ರಾತ್ರಿ ಬಸ್ಸಿನಲ್ಲಿ ಕೂತು ಬಂದ ಮೈ ಅದು. ಮನೆಯವರ ನಡುವೆ, ಅವರ ನಗು ಕೇಳುತ್ತ ನಿದ್ದೆ ಬಂದರೆ ಅವನು ಬಂದ ಕೆಲಸ ಆದಂತೆಯೇ.

ಕಡಲಾಚೆಯ ಶನಿವಾರ

ಗಲ್ಫಿನ ಮನೆಗಳ ಲೆಕ್ಕ ಬೇರೆ. ಅಲ್ಲಿ ದುಡಿಯುವ ಉಪ್ಪ ವಾರಕ್ಕೊಮ್ಮೆ ಬರುವುದಿಲ್ಲ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಹಿಂದೆ ಅಲ್ಲಿ ಎಷ್ಟೋ ಕೆಲಸಗಾರರಿಗೆ ಶುಕ್ರವಾರವೊಂದೇ ರಜೆ. ಇಲ್ಲಿ ಮಕ್ಕಳಿಗೆ ಭಾನುವಾರ. ಇಬ್ಬರಿಗೂ ಬಿಡುವಿರುವ ದಿನವೇ ಸಿಗುತ್ತಿರಲಿಲ್ಲ. 2022ರ ಜನವರಿಯಿಂದ ಸಂಯುಕ್ತ ಅರಬ್ ಸಂಸ್ಥಾನ ಶನಿವಾರ–ಭಾನುವಾರದ ವಾರಾಂತ್ಯಕ್ಕೆ ಬದಲಾಯಿತು, ಶುಕ್ರವಾರ ಅರ್ಧ ದಿನ. ಹೊಸ ರಜೆ ಸಿಕ್ಕ ಕಡೆ ದುಬೈಯ ಕೋಣೆ ಮತ್ತು ಎಮ್ಮೆಮಾಡಿನ ಮನೆಗೆ ಒಂದೇ ದಿನ ಬಿಡುವಾಯಿತು. ನಡುವಿನ ಒಂದೂವರೆ ಗಂಟೆಯ ಅಂತರ ದೊಡ್ಡದೇನಲ್ಲ. ಸೌದಿ, ಕುವೈತ್, ಕತಾರ್‌ಗಳಲ್ಲಿ ಈಗಲೂ ಶುಕ್ರವಾರ–ಶನಿವಾರವೇ ರಜೆ. ಅವರಿಗೂ ಶನಿವಾರ ಹೊಂದುತ್ತದೆ.

ಒಂದೇ ಚಿತ್ರವನ್ನು ಎರಡು ಕಡೆ ಒಂದೇ ಹೊತ್ತಿಗೆ ಹಾಕಿ, ಫೋನಿನ ಕರೆಯನ್ನು ಚಾಲೂ ಇಟ್ಟು ನೋಡುವ ಮನೆಗಳಿವೆ. ಇಲ್ಲಿ ಉಮ್ಮ, ಮಕ್ಕಳು. ಅಲ್ಲಿ ಡಬಲ್ ಡೆಕ್ಕರ್ ಮಂಚದ ಮೇಲೆ ಉಪ್ಪ. ನಗುವ ಜಾಗದಲ್ಲಿ ಇಬ್ಬರೂ ನಗುತ್ತಾರೆ, ನೆಟ್‌ವರ್ಕ್ ಹಿಂದುಳಿದರೆ ಒಂದು ನಗು ಸ್ವಲ್ಪ ತಡವಾಗಿ ಕೇಳುತ್ತದೆ. ‘ಊಟ ಆಯ್ತಾ, ಓದಿದ್ಯಾ’ ಎಂಬ ಎರಡು ಮಾತಿಗೆ ಮುಗಿಯುತ್ತಿದ್ದ ಕರೆಗೆ ಈಗ ಎರಡೂವರೆ ಗಂಟೆಯ ಆಯುಷ್ಯ. ಪರದೇಶದ ದುಡಿಮೆ ತಪ್ಪಿಸಲಾಗದ ಮನೆಗೆ ಇದು ದೊಡ್ಡ ಆಸರೆ.

ಹೊರಗೆ ಹೋದವರ ಕಥೆ ಹೇಳುವಾಗ ಇಲ್ಲಿಗೆ ಬಂದವರನ್ನು ಮರೆಯಬಾರದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು; ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ, ಜೊತೆಗೆ ಕಾಳುಮೆಣಸಿನ ಕುಯ್ಲು. ಆಗ ತೋಟದ ಲೈನ್ ಮನೆಗಳಲ್ಲಿ ಅಸ್ಸಾಂ, ಬಂಗಾಳದ ಕಡೆಯಿಂದ ಬಂದ ಕುಟುಂಬಗಳಿರುತ್ತವೆ. ಅವರ ಮನೆ ನಮ್ಮ ಮಕ್ಕಳ ಬೆಂಗಳೂರಿಗಿಂತ ಹತ್ತುಪಟ್ಟು ದೂರ. ಭಾನುವಾರ ಮಧ್ಯಾಹ್ನ ಒಂದೇ ಫೋನಿನ ಸುತ್ತ ಆರೇಳು ಜನ ತಲೆಗೆ ತಲೆ ತಾಗಿಸಿ ತಮ್ಮ ಭಾಷೆಯ ಸಿನಿಮಾ ನೋಡುತ್ತಾರೆ. ಟಿ.ವಿ.ಯ ‘ರಾಮಾಯಣ’ದ ಕಾಲದಲ್ಲಿ ನಮ್ಮ ಹಜಾರಗಳು ತೋಟದ ಕೆಲಸದವರಿಗೂ ತೆರೆದಿದ್ದವು. ಮನೆಯಲ್ಲಿ ಹೊಸ ಟಿ.ವಿ. ತಂದಾಗ ಹಳೆಯದನ್ನು ಮೂಲೆಗೆ ಹಾಕುವ ಬದಲು ಲೈನ್ ಮನೆಗೆ ಕೊಟ್ಟರೆ, ದೂರದ ದುಡಿಮೆಯ ನೋವು ಬಲ್ಲ ನಾಡಿಗೆ ಅದು ಶೋಭೆ.

ಅವ್ವ ಎಲ್ಲಿದ್ದಾರೆ?

ಇಷ್ಟೆಲ್ಲ ಹೇಳಿದ ಮೇಲೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಹಜಾರದಲ್ಲಿ ಎಲ್ಲರೂ ಕೂತಾಗ ಅವ್ವ ಎಲ್ಲಿದ್ದಾರೆ?

ಬಹುಪಾಲು ಮನೆಗಳಲ್ಲಿ ಒಲೆಯ ಮುಂದೆ. ಮಕ್ಕಳು ಬರುತ್ತಾರೆಂದು ಶುಕ್ರವಾರವೇ ಶುರುವಾದ ಅಡುಗೆ ಅದು. ಮಳೆಗಾಲವಾದರೆ ಬಿದಿರು ಕಳಲೆ ಹೆಚ್ಚಿ ನೀರಿನಲ್ಲಿ ನೆನೆಸಬೇಕು; ಕಕ್ಕಡ ತಿಂಗಳಾದರೆ ಮದ್ದು ಸೊಪ್ಪಿನ ಪಾಯಸ. ಕಡಂಬಟ್ಟು ಬೇಯಬೇಕು, ಪಂದಿ ಕರಿಗೆ ಕಾಚಂಪುಳಿ ಬೀಳಬೇಕು. ಇನ್ನೊಂದು ಮನೆಯಲ್ಲಿ ಉಮ್ಮ ಪತ್ತಿರಿ ತಟ್ಟುತ್ತಿರುತ್ತಾರೆ. ಚಿತ್ರದ ಮೊದಲರ್ಧ ಅವರಿಗೆ ಕಿವಿಗೆ ಮಾತ್ರ ಕೇಳುತ್ತದೆ. ಮಧ್ಯೆ ಬಾಗಿಲಿಗೆ ಬಂದು, ಸೆರಗಿಗೆ ಕೈ ಒರೆಸುತ್ತ ‘ಇವನು ಯಾರು, ಒಳ್ಳೆಯವನೋ?’ ಎಂದು ಕೇಳಿ ಮತ್ತೆ ಒಳಗೆ. ದೂರ ಹೋದವರನ್ನು ವಾರವಿಡೀ ಕಾದವರು ಅವರು. ಎಲ್ಲರೂ ಒಟ್ಟಾದ ಹೊತ್ತಿನಲ್ಲಿ ಅವರೊಬ್ಬರೇ ಹೊರಗುಳಿಯುತ್ತಾರೆ.

ಇದನ್ನು ಸರಿಪಡಿಸುವುದು ಕಷ್ಟವಲ್ಲ. ಶನಿವಾರ ಮಧ್ಯಾಹ್ನವೇ ಮಕ್ಕಳು ಅಡುಗೆಮನೆಗೆ ಬರಲಿ. ಬೆಂಗಳೂರಿನ ಕೋಣೆಯಲ್ಲಿ ತಾನೇ ಬೇಯಿಸಿ ತಿನ್ನುವ ಮಗನಿಗೆ ಈರುಳ್ಳಿ ಹೆಚ್ಚಲು, ಅಕ್ಕಿರೊಟ್ಟಿ ಸುಡಲು ಬಂದೇ ಬರುತ್ತದೆ. ಕತ್ತಲಾಗುವ ಮೊದಲು ಅಡುಗೆ ಮುಗಿಸಿ ಮುಚ್ಚಿಟ್ಟು ಚಿತ್ರ ಶುರುಮಾಡಿದರೆ ಇಂಟರ್‌ವಲ್‌ಗೆ ಊಟ. ಬಡಿಸುವವರು ಅಪ್ಪ ಇರಲಿ, ಪಾತ್ರೆ ಬೆಳಿಗ್ಗೆಗೆ ಇರಲಿ. ಚಿತ್ರ ಆರಿಸುವ ಸರದಿ ಪ್ರತಿ ವಾರ ಒಬ್ಬರದಾಗಲಿ. ಅಜ್ಜಿ ಕಪ್ಪುಬಿಳುಪಿನ ಚಿತ್ರ ಕೇಳಿದರೆ ತಮ್ಮ ಅದನ್ನು ತಾಳ್ಮೆಯಿಂದ ನೋಡಲಿ, ತಮ್ಮನ ಸಾಹಸ ಚಿತ್ರವನ್ನು ಅಜ್ಜಿ ನೋಡುವ ಹಾಗೆಯೇ. ಇನ್ವರ್ಟರ್ ಚಾರ್ಜ್ ಆಗಿದೆಯೇ ಎಂದು ಸಂಜೆಯೇ ನೋಡಿಟ್ಟರೆ ಕರೆಂಟ್ ಹೋದರೂ ಚಿಂತೆಯಿಲ್ಲ. ಫೋನುಗಳೆಲ್ಲ ಒಂದು ಕಡೆ ಇರಲಿ. ಚಿತ್ರ ಓಡುವ ಫೋನು, ದೂರದಲ್ಲಿರುವವರ ಕರೆಗೆ ಇಟ್ಟ ಫೋನು ಮಾತ್ರ ಎಚ್ಚರವಿರಲಿ.

ಭಾನುವಾರ ಸಂಜೆ ಬಸ್ಸು ಹತ್ತಿಸುವಾಗ ನಾವು ಕೇಳುವುದು ‘ಇನ್ನು ಯಾವಾಗ ಬರುತ್ತೀ’ ಎಂದು. ಅದರ ಜೊತೆಗೆ ‘ಬರುವಾಗ ಯಾವ ಸಿನಿಮಾ ತರುತ್ತೀ’ ಎಂದೂ ಕೇಳಬೇಕು. ಬರುವ ದಿನ ರಜೆ, ಟಿಕೆಟ್ಟು, ಮಳೆ, ಮೇಲಧಿಕಾರಿಯ ಕೈಯಲ್ಲಿದೆ. ಬಂದ ಮೇಲಿನ ಸಂಜೆ ನಮ್ಮ ಕೈಯಲ್ಲಿದೆ. ಆ ಸಂಜೆ ಚೆನ್ನಾಗಿ ಕಳೆಯಿತೇ ಎಂದು ತಿಳಿಯಲು ಚಿತ್ರದ ಹೆಸರು ಕೇಳಬೇಕಾಗಿಲ್ಲ. ಅದರ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಅವ್ವ ಹೇಳಬಲ್ಲರೇ ಎಂದು ಕೇಳಿದರೆ ಸಾಕು.